ಸಣ್ಣ ತುದಿಯ ಜೆಲ್ ಪೆನ್ನಾ, ಬಾಲ್ ಪೆನ್ನಾ? ಕನ್ನಡ ಬರೆಯುವವರು ಆರಿಸಿಕೊಳ್ಳುವ ಬಗೆ

ಶಾಲೆ ಶುರುವಾಗುವ ಹೊತ್ತಿಗೆ ಒಂದು ಸುತ್ತು, ಪರೀಕ್ಷೆ ಹತ್ತಿರ ಬಂದಾಗ ಇನ್ನೊಂದು ಸುತ್ತು, ಇದೇ ಪ್ರಶ್ನೆಗಳು ಬರುತ್ತವೆ. ಮಗಳಿಗೆ ಜೆಲ್ ಪೆನ್ ಕೊಡಿಸಲಾ, ಬಾಲ್ ಪೆನ್ನೇ ಸಾಕಾ? 0.5 ತಗೊಳ್ಳೋದಾ, 0.7 ತಗೊಳ್ಳೋದಾ? ಜೆಲ್ ಪೆನ್ ಇಷ್ಟು ಬೇಗ ಯಾಕೆ ಖಾಲಿ ಆಗುತ್ತೆ? ಒಬ್ಬೊಬ್ಬರಿಗೇ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಿಮಗೆ ಸಿಗುವ ಪೆನ್ ಸಲಹೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಬರೆಯುವ ಕೈಯನ್ನು ನೋಡಿ ಕೊಟ್ಟವು. ನಮ್ಮ ಅಕ್ಷರಗಳಲ್ಲಿ ಸುತ್ತು ಜಾಸ್ತಿ, ಒಳಗೆ ಸಣ್ಣ ಚುಕ್ಕಿ, ಕೆಳಗೆ ಒತ್ತು, ಮೇಲೆ ತಲೆಕಟ್ಟು. ಇಂಗ್ಲಿಷ್‌ಗೆ ಚೆನ್ನಾಗಿರುವ ಪೆನ್ನು ಕನ್ನಡಕ್ಕೆ ದಪ್ಪ ಆಗಬಹುದು. ಹಾಗಾಗಿ ಪೆನ್ನನ್ನು ಕನ್ನಡದಲ್ಲೇ ಬರೆದು, ನಿಮ್ಮದೇ ಕಾಗದದ ಮೇಲೆ ಬರೆದು ನೋಡಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕೇ.

ಬೇಕಾಗುವುದು ಇಷ್ಟೇ: ನೀವು ದಿನಾ ಬರೆಯುವ ನೋಟ್‌ಬುಕ್ಕಿನ ಒಂದೆರಡು ಹಾಳೆ, ಒಂದು 0.5 ಜೆಲ್ ಪೆನ್, ಒಂದು 0.6 ಅಥವಾ 0.7 ಬಾಲ್ ಪೆನ್, ಒಂದು ಹನಿ ನೀರು.

1. ನಿಮಗೆ ಆಯ್ಕೆ ಇದೆಯೋ ಇಲ್ಲವೋ ನೋಡಿ

ಕೆಲವು ಕಡೆ ಪೆನ್ನು ಯಾವುದು ಅಂತ ಮೊದಲೇ ನಿರ್ಧಾರ ಆಗಿರುತ್ತದೆ. ಸಿಇಟಿಯ ಒಎಂಆರ್ ಹಾಳೆಗೆ, ಅಂದರೆ ಗುಂಡಗಿನ ವೃತ್ತ ತುಂಬುವ ಉತ್ತರ ಪತ್ರಿಕೆಗೆ, ನೀಲಿ ಅಥವಾ ಕಪ್ಪು ಬಾಲ್ ಪೆನ್ನೇ ಬೇಕು. ಯುಪಿಎಸ್‌ಸಿ ಪ್ರಿಲಿಮ್ಸ್‌ಗೆ ಕಪ್ಪು ಬಾಲ್ ಪೆನ್. ನೀಟ್‌ನಲ್ಲಿ ಪೆನ್ನನ್ನು ಪರೀಕ್ಷಾ ಕೇಂದ್ರದಲ್ಲೇ ಕೊಡುತ್ತಾರೆ. ಜೆಲ್ ಇಂಕು ವೃತ್ತದಲ್ಲಿ ದಪ್ಪಗೆ ಕೂತು ಒಣಗಲು ಹೊತ್ತು ತಗೊಳ್ಳುತ್ತದೆ. ಅಂಗೈ ತಾಗಿದರೆ ಪಕ್ಕದ ವೃತ್ತಕ್ಕೂ ಎಳೆದುಕೊಂಡು ಹೋಗುತ್ತದೆ, ಯಂತ್ರಕ್ಕೆ ಅದು ಎರಡು ಉತ್ತರ ಆಗಿ ಕಾಣಬಹುದು. ಯಾವ ಪರೀಕ್ಷೆಯೇ ಆಗಲಿ, ಪ್ರವೇಶಪತ್ರದಲ್ಲಿ ಮುದ್ರಿಸಿರುವ ಸೂಚನೆಯೇ ಕೊನೆಯ ಮಾತು. ಅಂಗಡಿಯವರ ಮಾತಲ್ಲ, ನನ್ನ ಮಾತೂ ಅಲ್ಲ.

ಕಾರ್ಬನ್ ಇಟ್ಟು ಬರೆಯುವ ಬಿಲ್ ಪುಸ್ತಕ, ಕೊರಿಯರ್ ಚೀಟಿ, ಬ್ಯಾಂಕ್ ಚಲನ್ ಇವೆಲ್ಲಕ್ಕೂ ಬಾಲ್ ಪೆನ್. ಕೆಳಗಿನ ಪ್ರತಿ ಮೂಡಬೇಕಾದರೆ ಒತ್ತಿ ಬರೆಯಲೇಬೇಕು. ಸಣ್ಣ ತುದಿಯ ಜೆಲ್ ಪೆನ್ನನ್ನು ಹಾಗೆ ಒತ್ತಿದರೆ ಮೂರನೇ ಪ್ರತಿಯೂ ಮೂಡಲ್ಲ, ಪೆನ್ನಿನ ತುದಿಯೂ ಉಳಿಯಲ್ಲ.

ಚೆಕ್ ವಿಷಯ ಸ್ವಲ್ಪ ಬೇರೆ. ಬಣ್ಣ ಇಂಥದ್ದೇ ಇರಬೇಕು ಅಂತ ಆರ್‌ಬಿಐ ಹೇಳಿಲ್ಲ. ಈಗ ಚೆಕ್‌ನ ಚಿತ್ರ ತೆಗೆದು ಕಳಿಸುವುದರಿಂದ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ, ಅಳಿಸಲಾಗದ ಇಂಕು ಇರಲಿ ಅನ್ನುವುದಷ್ಟೇ ಸಲಹೆ. 2025ರ ಜನವರಿಯಲ್ಲಿ "ಕಪ್ಪು ಇಂಕಿನ ಚೆಕ್ ರದ್ದು" ಅಂತ ವಾಟ್ಸಾಪ್‌ನಲ್ಲಿ ಹರಿದಾಡಿತ್ತಲ್ಲ, ಅದು ಸುಳ್ಳು ಅಂತ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯೇ ತಿಳಿಸಿತ್ತು. ನೀಲಿ, ಕಪ್ಪು ಎರಡೂ ನಡೆಯುತ್ತವೆ.

ಎಚ್ಚರಿಕೆ: ಉಜ್ಜಿದರೆ ಅಳಿಸಿಹೋಗುವ ಫ್ರಿಕ್ಸನ್ ತರಹದ ಜೆಲ್ ಪೆನ್ನಿನಲ್ಲಿ ಚೆಕ್, ಕರಾರು ಪತ್ರ, ಪರೀಕ್ಷೆ ಯಾವುದನ್ನೂ ಬರೆಯಬೇಡಿ. ಅದರ ಇಂಕು ಬಿಸಿಗೆ ಬಣ್ಣ ಕಳೆದುಕೊಳ್ಳುವಂಥದ್ದು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು, ಬರಹ ಮಾಯ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಂಥ ಕಾಗದ ಮರೆತರೆ ಖಾಲಿ ಹಾಳೆ ವಾಪಸ್ ಸಿಗಬಹುದು.

2. ಪೆನ್ ಮೇಲಿನ ಅಂಕಿಯನ್ನು ಸರಿಯಾಗಿ ಓದಿ

ಎಲ್ಲರೂ ಮುಗ್ಗರಿಸುವುದು ಇಲ್ಲೇ. 0.5, 0.7 ಅಂದರೆ ಗೆರೆಯ ದಪ್ಪ ಅಲ್ಲ. ಸಾಮಾನ್ಯವಾಗಿ ಅದು ತುದಿಯಲ್ಲಿರುವ ಗುಂಡಿನ ಅಡ್ಡಳತೆ, ಮಿಲಿಮೀಟರ್‌ನಲ್ಲಿ. ಗುಂಡಿನ ಒಂದು ಭಾಗ ಮಾತ್ರ ಕಾಗದಕ್ಕೆ ತಾಗುವುದರಿಂದ ಗೆರೆ ಗುಂಡಿಗಿಂತ ತೆಳುವಾಗಿಯೇ ಬರುತ್ತದೆ. ಎಷ್ಟು ತೆಳು ಅನ್ನುವುದು ಇಂಕಿನ ಮೇಲೆ ನಿಂತಿದೆ. ಜೆಲ್ ಇಂಕು ಧಾರಾಳವಾಗಿ ಇಳಿದು ಕಾಗದದಲ್ಲಿ ಸ್ವಲ್ಪ ಹರಡುತ್ತದೆ. ಬಾಲ್ ಪೆನ್ನಿನ ಇಂಕು ಗಟ್ಟಿ, ತೆಳುವಾಗಿ ಅಂಟುತ್ತದೆ.

ಹಾಗಾಗಿ 0.5 ಜೆಲ್ ಮತ್ತು 0.7 ಬಾಲ್ ಹೆಚ್ಚುಕಡಿಮೆ ಒಂದೇ ದಪ್ಪದ ಗೆರೆ ಎಳೆಯುತ್ತವೆ. 0.7 ಜೆಲ್ ಜೊತೆ 0.7 ಬಾಲ್ ಹೋಲಿಸಿ "ಜೆಲ್ ತುಂಬಾ ದಪ್ಪ ಕಣ್ರೀ" ಅಂದರೆ ಅದು ಸರಿಯಾದ ಹೋಲಿಕೆಯೇ ಅಲ್ಲ. ಹೋಲಿಸುವಾಗ ಜೆಲ್‌ನ ಅಂಕಿ ಒಂದು ಮೆಟ್ಟಿಲು ಕೆಳಗೇ ಇರಲಿ.

ವಿದೇಶದಲ್ಲಿ ಇರುವವರಿಗೆ ಒಂದು ಮಾತು. ಅಮೆರಿಕದಲ್ಲಿ ಎಲ್ಲೆಲ್ಲೂ ಸಿಗುವ ಪೈಲಟ್ ಜಿ2 ಪೆನ್ನು ಹೆಚ್ಚಾಗಿ 0.7 ಇರುತ್ತದೆ. ಇಂಗ್ಲಿಷ್ ಸಹಿಗೆ ಸರಿ, ಒತ್ತಕ್ಷರಕ್ಕೆ ದಪ್ಪ. ಅದೇ ಪೆನ್ನು 0.5 ಮತ್ತು 0.38ರಲ್ಲೂ ಬರುತ್ತದೆ, ಕೇಳಿ ತಗೊಳ್ಳಿ.

ಇನ್ನೊಂದು ಗೊಂದಲ. ಪೈಲಟ್ ವಿ5 ಥರದ ಪೆನ್ನನ್ನು ಎಷ್ಟೋ ಜನ ಜೆಲ್ ಪೆನ್ ಅಂತಲೇ ಕರೆಯುತ್ತಾರೆ. ಅದು ಜೆಲ್ ಅಲ್ಲ, ರೋಲರ್ ಬಾಲ್. ಒಳಗಿರುವುದು ನೀರಿನಂಥ ಇಂಕು. ತೆಳ್ಳಗಿನ ನೋಟ್‌ಬುಕ್ಕಿನಲ್ಲಿ ಅದು ಜೆಲ್‌ಗಿಂತಲೂ ಜಾಸ್ತಿ ಹಿಂಬದಿಗೆ ಇಳಿಯುತ್ತದೆ. ಅದನ್ನು ಬಳಸಿ ನೋಡಿ ಜೆಲ್ ಪೆನ್ನನ್ನು ಬೈಯಬೇಡಿ.

3. ಒಳಗಿನ ಇಂಕನ್ನು ಅರ್ಥ ಮಾಡಿಕೊಳ್ಳಿ

ಇದು ಚಿಕ್ಕ ಹಂತ, ಆದರೆ ಮುಂದಿನ ಎಲ್ಲದಕ್ಕೂ ಕಾರಣ ಇಲ್ಲಿದೆ.

ಬಾಲ್ ಪೆನ್ನಿನ ಇಂಕು ಎಣ್ಣೆಯಂಥ ದ್ರಾವಕದಲ್ಲಿ ಬಣ್ಣ ಕರಗಿಸಿದ ಗಟ್ಟಿ ಪೇಸ್ಟು. ಹಂಗೇರಿಯ ಲಾಸ್ಲೋ ಬಿರೋ 1938ರಲ್ಲಿ ಪೇಟೆಂಟ್ ಪಡೆದ ಪೆನ್ನಿನ ಗುಟ್ಟೂ ಈ ಗಟ್ಟಿತನವೇ. ಗುಂಡನ್ನು ಉರುಳಿಸಲು ಸ್ವಲ್ಪ ಒತ್ತಬೇಕು. ಬರೆದದ್ದು ಬೇಗ ಒಣಗುತ್ತದೆ, ನೀರು ಬಿದ್ದರೆ ಅಷ್ಟಾಗಿ ಹರಡುವುದಿಲ್ಲ.

ಜೆಲ್ ಇಂಕಿನಲ್ಲಿ ನೀರೇ ಜಾಸ್ತಿ. 1984ರಲ್ಲಿ ಜಪಾನಿನ ಸಕುರಾ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ನೀರಿಗೆ ಒಂದು ಬಗೆಯ ಅಂಟು ಬೆರೆಸುತ್ತಾರೆ. ಸುಮ್ನೆ ಇಟ್ಟಾಗ ಇಂಕು ಗಟ್ಟಿ. ಗುಂಡು ಉರುಳಿದ ಕೂಡಲೇ ತೆಳುವಾಗಿ ಇಳಿಯುತ್ತದೆ, ಕಾಗದ ಮುಟ್ಟಿದ ಮೇಲೆ ಮತ್ತೆ ಗಟ್ಟಿ. ಒತ್ತದೇ ಬರೆಯಬಹುದು ಅನ್ನುವುದು, ಬೇಗ ಖಾಲಿ ಆಗುತ್ತದೆ ಅನ್ನುವುದು, ಎರಡಕ್ಕೂ ಇದೇ ಕಾರಣ.

ಈಚೆಗೆ ನಡುವಿನ ದಾರಿಯೊಂದು ಬಂದಿದೆ. ಬಾಲ್ ಪೆನ್ನೇ, ಆದರೆ ಇಂಕು ಸ್ವಲ್ಪ ತೆಳು. ಯೂನಿಬಾಲ್ ಜೆಟ್‌ಸ್ಟ್ರೀಮ್ ಇದಕ್ಕೆ ಹೆಸರುವಾಸಿ. ನಮ್ಮಲ್ಲಿ ಲಿಂಕ್ ಪೆಂಟಾನಿಕ್ ಥರದ 0.7 ಬಾಲ್ ಪೆನ್ನುಗಳೂ ಹಳೆಯ ಬಾಲ್ ಪೆನ್ನಿಗಿಂತ ನುಣ್ಣಗೆ ಓಡುತ್ತವೆ. ಒಣಗುವುದೂ ಬೇಗ ಇರಬೇಕು, ಕೈಯೂ ನೋಯಬಾರದು ಅನ್ನುವವರು ಇವನ್ನು ಮೊದಲು ನೋಡಿ.

4. ಅಂಗಡಿಯಲ್ಲೇ ಕನ್ನಡದಲ್ಲಿ ಬರೆದು ನೋಡಿ

ಅಂಗಡಿಯಲ್ಲಿ ಪೆನ್ ಕೊಟ್ಟರೆ ನಾವೆಲ್ಲ ಏನು ಮಾಡುತ್ತೇವೆ? ಒಂದು ಸಹಿ ಗೀಚುತ್ತೇವೆ, ಇಲ್ಲ ಸುರುಳಿ ಸುತ್ತುತ್ತೇವೆ. ಅದರಿಂದ ಪೆನ್ ಬರೆಯುತ್ತದೆ ಅಂತ ಗೊತ್ತಾಗುತ್ತದೆ ಅಷ್ಟೇ. ಅದರ ಬದಲು ನಿಮ್ಮ ನೋಟ್‌ಬುಕ್ ಹಾಳೆ ತೆಗೆದು, ಮಾಮೂಲಿ ವೇಗದಲ್ಲಿ, ಮಾಮೂಲಿ ಗಾತ್ರದಲ್ಲಿ ಈ ಪದಗಳನ್ನು ಬರೆಯಿರಿ:

ಕಂಠಪಾಠ, ಧೃತರಾಷ್ಟ್ರ, ಸ್ವಾತಂತ್ರ್ಯ, ಅರ್ಥ, ಘಟ್ಟ

ಈಗ ಒಂದೊಂದಾಗಿ ನೋಡಿ. "ಕಂಠಪಾಠ"ದಲ್ಲಿ ಎರಡು ಠ ಇದೆ. ಠ ಒಳಗಿನ ಚುಕ್ಕಿ ಸುತ್ತಲಿನ ಗೆರೆಗೆ ಅಂಟದೆ ಬಿಡಿಯಾಗಿ ನಿಂತಿದೆಯಾ? ಒಳಗೆಲ್ಲ ಕಪ್ಪಾಗಿ ಮೆತ್ತಿಕೊಂಡಿದ್ದರೆ ಪೆನ್ನು ನಿಮ್ಮ ಅಕ್ಷರದ ಗಾತ್ರಕ್ಕೆ ದಪ್ಪ. ಚುಕ್ಕಿ ಮೂಡಲೇ ಇಲ್ಲ ಅಂದರೆ "ಪಾಠ" ಹೋಗಿ "ಪಾರ" ಆಯಿತು. ಬಾಲ್ ಪೆನ್ನಿನಲ್ಲಿ ಇದು ಆಗುವುದುಂಟು, ಯಾಕೆಂದರೆ ಸುಮ್ನೆ ಮುಟ್ಟಿಸಿದರೆ ಗುಂಡು ಉರುಳುವುದಿಲ್ಲ, ಇಂಕು ಇಳಿಯುವುದಿಲ್ಲ. "ಅರ್ಥ"ದ ಥದಲ್ಲೂ ಇದೇ ಕಥೆ, ಜೊತೆಗೆ ಅರ್ಕಾವತ್ತು. ಅದರ ಸಣ್ಣ ಸುತ್ತು ತೆರೆದಿರಬೇಕು.

"ಧೃತರಾಷ್ಟ್ರ"ದಲ್ಲಿ ಧ ಕೆಳಗಿನ ಸೀಳು ಕಾಣುತ್ತಿದೆಯಾ, ಅಥವಾ ದ ಆಗಿದೆಯಾ ನೋಡಿ. ಮಹಾಪ್ರಾಣ ಬಿಟ್ಟಿದ್ದಾನೆ ಅಂತ ಮೇಷ್ಟ್ರು ಮಗುವನ್ನು ಬೈಯುವಾಗ ಎಷ್ಟೋ ಸಲ ತಪ್ಪು ಪೆನ್ನಿನ ತುದಿಯದ್ದಿರುತ್ತದೆ. ಷ ಹೊಟ್ಟೆಯೊಳಗಿನ ಗೆರೆ, ಕೆಳಗಿನ ಟ ಒತ್ತು, ಅದಕ್ಕೆ ಅಂಟಿದ ರ ಒತ್ತು, ಮೂರೂ ಬೇರೆ ಬೇರೆ ಓದಿಸಬೇಕು. "ಸ್ವಾತಂತ್ರ್ಯ"ದ ಕೊನೆಯ ಎರಡು ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ಮುಟ್ಟುತ್ತದಾ ಅಂತ ತಿಳಿಯಬೇಕಾದರೆ ಅದೇ ಸಾಲನ್ನು ಕೆಳಗೆ ಇನ್ನೊಮ್ಮೆ ಬರೆಯಿರಿ. ಒಂದು ಸಾಲು ಬರೆದು ನಿಲ್ಲಿಸಿದರೆ ಈ ತೊಂದರೆ ಗೊತ್ತಾಗುವುದೇ ಇಲ್ಲ.

ಇನ್ನು ತಲೆಕಟ್ಟು. ಅದು ಪುಟ್ಟ ಗೀಟು, ಪೆನ್ನೆತ್ತಿ ಮತ್ತೆ ಇಟ್ಟು ಎಳೆಯುವಂಥದ್ದು. ತಲೆಕಟ್ಟಿನ ಮೊದಲ ತುಣುಕು ಬಿಟ್ಟುಹೋಗುತ್ತಿದ್ದರೆ ಆ ಪೆನ್ನು ಶುರುವಿನಲ್ಲಿ ತಡಕಾಡುತ್ತಿದೆ ಅಂತ ಅರ್ಥ. ಇದರಲ್ಲಿ ಜೆಲ್ ಸಾಮಾನ್ಯವಾಗಿ ಮುಂದು.

ಹತ್ತು ಹನ್ನೆರಡು ಸಾಲು ಬರೆದ ಮೇಲೆ ಬಾಲ್ ಪೆನ್ನಿನ ತುದಿಯನ್ನು ಬೆಳಕಿಗೆ ಹಿಡಿಯಿರಿ. ಗುಂಡಿನ ಪಕ್ಕದಲ್ಲಿ ಇಂಕಿನ ಸಣ್ಣ ಗುಡ್ಡೆ ಕೂತಿರಬಹುದು. ನಮ್ಮ ಅಕ್ಷರದಲ್ಲಿ ಪೆನ್ನು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಕಾಗದಕ್ಕೆ ಹೋಗದ ಇಂಕು ತುದಿಯ ಅಂಚಿನಲ್ಲಿ ಕೂಡುತ್ತಾ ಹೋಗಿ, ಒಂದು ತಿರುವಿನಲ್ಲಿ ಪಟ್ಟನೆ ಬೊಟ್ಟಾಗಿ ಬೀಳುತ್ತದೆ. ಅಂಗೈ ಅದರ ಮೇಲೆ ಹೋದರೆ ಪುಟವೆಲ್ಲ ಮಸಿ. ಗುಡ್ಡೆ ಬೇಗ ಕೂಡುವ ಪೆನ್ನನ್ನು ಅಲ್ಲೇ ಬಿಟ್ಟು ಬನ್ನಿ.

ನನ್ನ ಲೆಕ್ಕದಲ್ಲಿ ಸಿಂಗಲ್ ಲೈನ್ ನೋಟ್‌ಬುಕ್ಕಿನಲ್ಲಿ ಸಾಧಾರಣ ಗಾತ್ರದ ಕನ್ನಡ ಬರೆಯುವವರಿಗೆ 0.5 ಜೆಲ್ ಅಥವಾ 0.6 ಬಾಲ್ ಸರಿಹೋಗುತ್ತದೆ. 0.38 ಜೆಲ್ ನೋಡಲು ಚೆಂದ, ಡೈರಿಯ ಇಕ್ಕಟ್ಟಿನಲ್ಲಿ ಬರೆಯಲು ಒಳ್ಳೆಯದು. ಆದರೆ ನಮ್ಮ ಒರಟು ನೋಟ್‌ಬುಕ್ ಕಾಗದದಲ್ಲಿ ಪರಚುತ್ತದೆ. 1.0 ಬಾಲ್ ಪೆನ್ನು ಅರ್ಜಿಯ ಮೇಲೆ ಸಹಿ ಹಾಕಲು ಇರಲಿ.

5. ಕಾಗದದ ಹಿಂಬದಿ ತಿರುಗಿಸಿ ನೋಡಿ

ಕಾಗದದ ತೂಕವನ್ನು ಜಿಎಸ್‌ಎಂ ಅಂತ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಅನ್ನುವ ಲೆಕ್ಕ. ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 70ರಿಂದ 75, ಶಾಲೆಯ ನೋಟ್‌ಬುಕ್ಕು ಅದಕ್ಕಿಂತ ಕಡಿಮೆ. ನಾಲ್ಕನೇ ಹಂತದಲ್ಲಿ ಬರೆದ ಸಾಲುಗಳ ಹಿಂಬದಿ ನೋಡಿ. ಜೆಲ್‌ನ ನೆರಳು ಹಿಂದೆ ಮೂಡಿ ಅಲ್ಲಿ ಬರೆಯಲು ತೊಂದರೆ ಆಗುವ ಹಾಗಿದ್ದರೆ ಪೆನ್ ಬದಲಿಸಿ, ಇಲ್ಲ ನೋಟ್‌ಬುಕ್ ಬದಲಿಸಿ. ಬಾಲ್ ಪೆನ್ನಿನ ಇಂಕು ಹಿಂದೆ ಮೂಡುವುದಿಲ್ಲ, ಆದರೆ ಒತ್ತಿ ಬರೆದ ಉಬ್ಬು ಬೆರಳಿಗೆ ಸಿಗುತ್ತದೆ.

ಗೆರೆಯ ಅಂಚಿನಲ್ಲಿ ಕೂದಲೆಳೆಯಂತೆ ಇಂಕು ಹರಡಿದೆಯಾ ಅಂತಲೂ ಗಮನಿಸಿ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು. ಕಾಗದ ತೇವ ಹೀರಿ ಮೆತ್ತಗಾಗಿರುತ್ತದೆ, ಜೆಲ್ ಒಣಗುವುದೂ ನಿಧಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆಯ ಮಕ್ಕಳ ಬ್ಯಾಗಿನಲ್ಲಿ ಬಾಲ್ ಪೆನ್ನೇ ಇರಲಿ ಅಂತ ನಾನು ಹೇಳುವುದು.

ಈಗ ಆ ನೀರಿನ ಹನಿ. ಬರಹ ಚೆನ್ನಾಗಿ ಒಣಗಿದ ಮೇಲೆ ಒದ್ದೆ ಬೆರಳಿನಿಂದ ಒರೆಸಿ. ಜೆಲ್ ಪೆನ್ನುಗಳಲ್ಲಿ ಎರಡು ಜಾತಿ. ಒಂದರಲ್ಲಿ ಬಣ್ಣ ನೀರಿನಲ್ಲಿ ಕರಗಿರುತ್ತದೆ, ಅದು ಹನಿ ಬಿದ್ದ ಕೂಡಲೇ ಹರಡುತ್ತದೆ. ಇನ್ನೊಂದರಲ್ಲಿ ಬಣ್ಣ ನುಣ್ಣನೆ ಪುಡಿಯಾಗಿ ಇಂಕಿನಲ್ಲಿ ತೇಲುತ್ತಿರುತ್ತದೆ, ಅದಕ್ಕೆ ಪಿಗ್ಮೆಂಟ್ ಇಂಕು ಅನ್ನುತ್ತಾರೆ. ಅದು ಒಣಗಿ ಕಾಗದದ ನಾರಿನೊಳಗೆ ಕೂತರೆ ನೀರಿಗೂ ಜಗ್ಗಲ್ಲ, ಬಿಸಿಲಿಗೂ ಸುಲಭಕ್ಕೆ ಮಾಸಲ್ಲ, ದ್ರಾವಕ ಹಾಕಿ ಅಳಿಸುವುದೂ ಕಷ್ಟ. ಚೆಕ್‌ಗೆ, ಮನೆಯಲ್ಲಿ ಇಡುವ ಲೆಕ್ಕದ ಪುಸ್ತಕಕ್ಕೆ ಇದು ಬಾಲ್ ಪೆನ್ನಿಗಿಂತಲೂ ವಾಸಿ. ಬಾಲ್ ಪೆನ್ನಿನ ಇಂಕು ನೀರಿಗೆ ತಡೆದರೂ ಸ್ಪಿರಿಟ್‌ಗೆ ಕರಗುತ್ತದೆ, ವರ್ಷಗಟ್ಟಲೆ ಬೆಳಕು ಬಿದ್ದರೆ ಮಾಸುತ್ತದೆ.

ಮದುವೆ ಕಾಗದದಂಥ ನುಣುಪು ಕಾಗದ, ಎಟಿಎಂ ಚೀಟಿ, ಫೋಟೋ ಹಿಂಬದಿ: ಇವುಗಳ ಮೇಲೆ ಜೆಲ್ ಬೇಡ. ಇಂಕು ಇಂಗದೆ ಮೇಲೇ ನಿಲ್ಲುತ್ತದೆ.

6. ನಿಮ್ಮ ಕೈಯನ್ನು ಗಮನಿಸಿ

ಒತ್ತಿ ಬರೆಯುವ ಅಭ್ಯಾಸ ಇದ್ದವರು ಸೂಜಿ ತುದಿಯ ಜೆಲ್ ಪೆನ್ ತಗೊಳ್ಳಬೇಡಿ. ಆ ತುದಿ ಸಣ್ಣ ಲೋಹದ ಕೊಳವೆ, ಒತ್ತಿದರೆ, ಬಿದ್ದರೆ ಬಾಗುತ್ತದೆ. ಕೋನ್ ಆಕಾರದ ತುದಿ ಗಟ್ಟಿ. ಸೂಜಿ ತುದಿಯ ಪೆನ್ನನ್ನು ಸ್ವಲ್ಪ ನೆಟ್ಟಗೆ ಹಿಡಿಯಬೇಕು, ತೀರಾ ಮಲಗಿಸಿ ಹಿಡಿದರೆ ಅಂಚು ಕಾಗದ ಕೆರೆಯುತ್ತದೆ.

ಮೂರು ಗಂಟೆ ಬರೆಯುವ ಪರೀಕ್ಷೆಗೆ ಕೈ ನೋವಿನ ದೃಷ್ಟಿಯಿಂದ ಜೆಲ್ ಒಳ್ಳೆಯದು. ಆದರೆ ಜೀವನಪೂರ್ತಿ ಬಾಲ್ ಪೆನ್ನಿನಲ್ಲಿ ಒತ್ತಿ ಬರೆದ ಮಗುವಿಗೆ ಪರೀಕ್ಷೆಯ ಹಿಂದಿನ ವಾರ ಜೆಲ್ ಕೊಟ್ಟರೆ ಅಕ್ಷರ ಹಿಡಿತಕ್ಕೆ ಸಿಗದೆ ಜಾರುತ್ತದೆ. ಬದಲಿಸುವುದಿದ್ದರೆ ಒಂದೆರಡು ತಿಂಗಳ ಮೊದಲೇ ಬದಲಿಸಿ. ಬಾಲ್ ಪೆನ್ನೇ ಇರಲಿ ಅಂದರೆ ಬರೆಯುವ ಹಾಳೆಯ ಕೆಳಗೆ ನಾಲ್ಕು ಹಾಳೆ ಇಟ್ಟುಕೊಳ್ಳಲು ಹೇಳಿ. ಗಟ್ಟಿ ಮೇಜಿನ ಮೇಲೆ ಒಂಟಿ ಹಾಳೆಯಲ್ಲಿ ಬಾಲ್ ಪೆನ್ ಬಿಟ್ಟು ಬಿಟ್ಟು ಬರೆಯುತ್ತದೆ, ಮೆತ್ತನೆ ಆಸರೆ ಇದ್ದರೆ ಸರಾಗ.

ಎಡಗೈಯವರಿಗೆ ಆಯ್ಕೆ ಸುಲಭ. ಎಡದಿಂದ ಬಲಕ್ಕೆ ಬರೆಯುವಾಗ ಅಂಗೈ ಈಗಷ್ಟೇ ಬರೆದ ಪದದ ಮೇಲೇ ಹೋಗುತ್ತದೆ. ಬಾಲ್ ಪೆನ್ ಅಥವಾ ಬೇಗ ಒಣಗುವ ಜೆಲ್. ಅಂಗಡಿಯಲ್ಲೇ ಬರೆದು ಮನಸ್ಸಿನಲ್ಲಿ ಐದು ಎಣಿಸಿ ಬೆರಳಾಡಿಸಿ ನೋಡಿ.

7. ಖರ್ಚಿನ ಲೆಕ್ಕ

ಸಾಮಾನ್ಯ ಬಾಲ್ ಪೆನ್ನು ಒಂದೆರಡು ಕಿಲೋಮೀಟರ್ ಗೆರೆ ಎಳೆಯುತ್ತದೆ. ಜೆಲ್ ಪೆನ್ನಿಗೆ ಅದರ ಅರ್ಧ ದೂರವೂ ಕಷ್ಟ. ಅದು ಮೋಸ ಅಲ್ಲ, ಇಂಕು ಜಾಸ್ತಿ ಇಳಿಯುವುದರ ಬೆಲೆ. ನಿಮ್ಮ ಖರ್ಚು ನಿಜಕ್ಕೂ ತಿಳಿಯಬೇಕಾದರೆ ಹೊಸ ರೀಫಿಲ್ ಹಾಕಿದ ದಿನ ಒಂದು ಚೂರು ಸೆಲ್ಲೋಟೇಪ್ ಮೇಲೆ ತಾರೀಕು ಬರೆದು ಪೆನ್ನಿಗೆ ಅಂಟಿಸಿ.

ರೀಫಿಲ್ ಸಿಗುತ್ತದಾ ಅಂತ ಪೆನ್ ಕೊಳ್ಳುವ ಮೊದಲೇ ಕೇಳಿ. ಜೆಲ್ ರೀಫಿಲ್‌ಗಳ ಉದ್ದ, ದಪ್ಪ ಕಂಪನಿಯಿಂದ ಕಂಪನಿಗೆ ಬೇರೆ. ಒಂದಕ್ಕೆ ಇನ್ನೊಂದು ಹಾಕಿದರೆ ತುದಿ ಒಳಗೇ ಅಲುಗಾಡುತ್ತದೆ. ಬೆಂಗಳೂರಿನವರು ಅವೆನ್ಯೂ ರಸ್ತೆಯ ಕಡೆ ಹೋದರೆ ಡಬ್ಬದ ಲೆಕ್ಕದಲ್ಲಿ ಕಡಿಮೆಗೆ ಸಿಗುತ್ತವೆ, ನಿಜ. ಆದರೆ ಜೆಲ್ ಪೆನ್ನನ್ನು ವರ್ಷಕ್ಕಾಗುವಷ್ಟು ಕೊಂಡು ಇಡಬೇಡಿ. ಅದರಲ್ಲಿರುವುದು ನೀರು, ಕೂತಲ್ಲೇ ಒಣಗುತ್ತಾ ಹೋಗುತ್ತದೆ. ಬಾಲ್ ಪೆನ್ ಎಷ್ಟು ಬೇಕಾದರೂ ಕೊಳ್ಳಿ.

8. ಪೆನ್ ಕೈಕೊಟ್ಟಾಗ

ಹೊಸ ಜೆಲ್ ಪೆನ್ ಬರೆಯುತ್ತಲೇ ಇಲ್ಲ ಅಂದರೆ ತುದಿಯಲ್ಲಿ ಸಣ್ಣ ಮೇಣದ ಬೊಟ್ಟು ಇರಬಹುದು. ಸಾಗಣೆಯಲ್ಲಿ ಇಂಕು ಸೋರದಿರಲಿ ಅಂತ ಹಾಕಿರುತ್ತಾರೆ, ಉಗುರಿನಿಂದ ತೆಗೆಯಿರಿ.

ಜೆಲ್ ರೀಫಿಲ್‌ನ ಹಿಂದೆ ಒಂದಿಷ್ಟು ಪಾರದರ್ಶಕ ಜಿಡ್ಡು ಕಾಣುತ್ತದಲ್ಲ, ಅದು ಕೆಟ್ಟ ಇಂಕು ಅಲ್ಲ. ಇಂಕು ಹಿಂದಕ್ಕೆ ಸೋರದಂತೆ, ಒಣಗದಂತೆ ಕಾಯುವ ಮುಚ್ಚಳ ಅದು. ಅದನ್ನು ಕಡ್ಡಿ ಹಾಕಿ ತೆಗೆದರೆ ರೀಫಿಲ್ ಮುಗಿಯಿತು. ಹಿಂದಿನಿಂದ ಬಾಯಿಟ್ಟು ಊದಲೂ ಬೇಡಿ.

ಗೋಡೆಗೆ ಹಾಳೆ ಒತ್ತಿ ಹಿಡಿದು, ಇಲ್ಲ ಅಂಗಾತ ಮಲಗಿ ಬರೆದರೆ ತುದಿಯ ಕಡೆಯಿಂದ ಗಾಳಿ ಒಳಗೆ ಹೋಗುತ್ತದೆ. ಆಮೇಲೆ ಇಂಕು ಇದ್ದರೂ ಬರೆಯುವುದಿಲ್ಲ. ಪೆನ್ನನ್ನು ತುದಿ ಕೆಳಗೆ ಮಾಡಿ ಲೋಟದಲ್ಲಿ ನಿಲ್ಲಿಸಿ ಒಂದು ರಾತ್ರಿ ಬಿಡಿ. ಜ್ವರ ನೋಡುವ ಹಳೆಯ ಥರ್ಮಾಮೀಟರ್ ಕೊಡವುವ ಹಾಗೆ ನಾಲ್ಕು ಸಲ ಕೊಡವಿದರೂ ಆಗುತ್ತದೆ, ಕ್ಯಾಪ್ ಹಾಕಿಕೊಂಡು, ಬಟ್ಟೆಯಿಂದ ದೂರ. ತುದಿ ಕೆಳಗಾಗಿ ನೆಲಕ್ಕೆ ಬಿದ್ದ ಪೆನ್ನು ಮಾತ್ರ ರಿಪೇರಿ ಆಗುವುದಿಲ್ಲ. ಗುಂಡು ಕೂತ ಜಾಗ ನಜ್ಜುಗುಜ್ಜಾಗಿರುತ್ತದೆ.

ಬಾಲ್ ಪೆನ್ನಿಗೆ ಬೆಂಕಿಕಡ್ಡಿ ತೋರಿಸುವುದು ಹಳೆಯ ಉಪಾಯ. ಪ್ಲಾಸ್ಟಿಕ್ ಕರಗಿ ಸೋರುತ್ತದೆ, ಬೇಡ. ತುದಿಯನ್ನು ಎರಡು ಅಂಗೈ ನಡುವೆ ಉಜ್ಜಿ ಬೆಚ್ಚಗೆ ಮಾಡಿ ಒರಟು ಕಾಗದದ ಮೇಲೆ ಸುರುಳಿ ಸುತ್ತಿ. ಚಳಿಗಾಲದ ಬೆಳಿಗ್ಗೆ ಇಷ್ಟೇ ಸಾಕಾಗುತ್ತದೆ.

ಚಿಕ್ಕ ಮಕ್ಕಳಿಗೆ ಕೊಡುವ ಪೆನ್ನಿನ ಕ್ಯಾಪ್ ತುದಿಯಲ್ಲಿ ತೂತು ಇದೆಯಾ ನೋಡಿ. ಅಪ್ಪಿತಪ್ಪಿ ಗಂಟಲಿಗೆ ಹೋದರೂ ಉಸಿರಾಡಲು ದಾರಿ ಇರಲಿ ಅಂತ ಆ ತೂತು.

ಶರ್ಟ್ ಜೇಬಿನಲ್ಲಿ ಬಾಲ್ ಪೆನ್ ಸೋರಿದರೆ ಕೆಳಗೆ ಹಳೆ ಬಟ್ಟೆ ಇಟ್ಟು ಹ್ಯಾಂಡ್ ಸ್ಯಾನಿಟೈಸರ್ ಹಾಕಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಅದರಲ್ಲಿರುವ ಆಲ್ಕೋಹಾಲ್ ಇಂಕನ್ನು ಕರಗಿಸುತ್ತದೆ. ಮೊದಲು ಬಟ್ಟೆಯ ಒಳಮಡಿಕೆಯಲ್ಲಿ ಒಂದು ಹನಿ ಹಾಕಿ ಬಟ್ಟೆಯ ಬಣ್ಣ ಬಿಡುವುದಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಜೆಲ್ ಕಲೆಗೆ ಒಣಗುವ ಮೊದಲೇ ತಣ್ಣೀರು, ಸೋಪು. ಪಿಗ್ಮೆಂಟ್ ಜೆಲ್ ಒಣಗಿಬಿಟ್ಟಿದ್ದರೆ ಪೂರ್ತಿ ಹೋಗುವುದು ಕಷ್ಟ. ಎರಡರಲ್ಲಿ ಯಾವುದೇ ಕಲೆ ಇರಲಿ, ಅದು ಹೋಗುವ ತನಕ ಆ ಬಟ್ಟೆಗೆ ಇಸ್ತ್ರಿ ಹಾಕಬೇಡಿ.